ಮೈಸೂರಿನ ನೈಮಿಷ

ಮೈಸೂರಿಗೆ ಬರುವ ಯಾತ್ರಿಕರು ಅರಮನೆ, ಚಾಮುಂಡಿಬೆಟ್ಟ, ಮೃಗಾಲಯ, ಕನ್ನಂಬಾಡಿಯ ಕಟ್ಟೆ ಇವಿಷ್ಟನ್ನು ಕಂಡರೆ ಊರನ್ನೆಲ್ಲ ಕಂಡಂತಾಯಿತೆಂದು ಭಾವಿಸಿ ಹಿಂದಿರುಗುವರು. ಭರತಖಂಡದ ನಾನಾ ದಿಕ್ಕುಗಳಿಂದ ಮತ್ತೊಂದು ಬಗೆಯ ಯಾತ್ರಿಕರೂ ಈ ಊರಿಗೆ ಬರುತ್ತಿರುವರು. ಇವರ ಕಂಕುಳಲ್ಲಿ ಒಂದು ಮಗು, ಹೆಗಲಲ್ಲಿ ವೈದ್ಯರ ಕಾಗದಗಳ ಚೀಲ. ಇವರು ವಿಚಾರಿಸುವುದು ಬೋಗಾದಿ ರಸ್ತೆಯ ದಾರಿಯನ್ನು. ಇವರು ಹೋಗಿ ಸೇರುವ ಸ್ಥಳವನ್ನೂ ಅಲ್ಲಿ ಇವರು ನಡೆಸುವ ಬಾಳನ್ನೂ ವಾಚಕರಿಗೆ ತಕ್ಕಮಟ್ಟಿಗೆ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶವಾಗಿದೆ.

ರೈಲು ನಿಲ್ದಾಣದಿಂದ ಪಶ್ಚಿಮಾಭಿಮುಖವಾಗಿ ಸಾಗಿದರೆ ಕುಕ್ಕರಹಳ್ಳಿ ಕೆರೆ ಸಿಕ್ಕುವುದು. ಇದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ನಿರ್ಮಾಣವಾದುದು. ಕೆರೆಯ ಆಚೆಗೆ ವಿಶ್ವವಿದ್ಯಾನಿಲಯದ ಮಾನಸ ಗಂಗೋತ್ರಿ; ಈ ಹೆಸರನ್ನಿಟ್ಟವರು ಕುವೆಂಪು ಅವರು. ಅದರ ಮಗ್ಗುಲಲ್ಲಿಯೇ ಮರಗಳ ನೆರಳಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿರುವುದು. 1965ರಲ್ಲಿ ಆರಂಭವಾದ ಈ ಸಂಸ್ಥೆಗೆ ಮರುವರ್ಷ ಅಸ್ತಿಭಾರವನ್ನಿಟ್ಟವರು ಆಗಿನ ರಾಷ್ಟ್ರಪತಿಗಳಾದ ಡಾಕ್ಟರ್ ಸರ್ವೇಪಲ್ಲಿ ರಾಧಾಕೃಷ್ಣನ್ ಅವರು. ಅವರು ಹಿಂದೆ ಮೈಸೂರಿನಲ್ಲಿಯೇ ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದವರೆಂಬುದು ಸ್ಮರಣೀಯ. ಆಟೋ ಓಡಿಸುವವರು ಇದನ್ನು ಆಯಿಷ್ ಎನ್ನುವರು. ಸಂಸ್ಥೆಯ ಆವರಣಕ್ಕೆ ಇಟ್ಟಿರುವ ಹೆಸರು ನೈಮಿಷಂ.

ಈ ಹೆಸರು ನಮಗೆ ಬಹಳ ಉಚಿತವಾಗಿ ತೋರಿತು. ನೈಮಿಷಾರಣ್ಯದಲ್ಲಿ ಶೌನಕರು ಹನ್ನೆರಡು ವರ್ಷಗಳ ಸತ್ರವನ್ನು ನಡೆಸುತ್ತಿರುವಾಗ ಸೂತನು ಬಂದು ಭಾರತಕಥೆಯನ್ನು ಹೇಳಿದನೆಂದೂ, ಋಷಿಗಳು ಬೇಸರಿಸದೆ ಕೇಳಿದರೆಂದೂ ನಾವೆಲ್ಲರೂ ಬಲ್ಲೆವು. ಮಾತಿಗೂ ಕಿವಿಗೂ ಸಲ್ಲುವ ಸಂಸ್ಥೆಗೆ ಇದಕ್ಕಿಂತ ತಕ್ಕ ಹೆಸರು ಯಾವುದು? ಅಲ್ಲಿಗೆ ಬರುವ ತಾಯಿತಂದೆಗಳು ಹಿಡಿದಿರುವುದೂ ಬಹುವರ್ಷಗಳ ಸತ್ರವೇ ಸರಿ.

ಅಲ್ಲಿಗೆ ಬರುವ ಮಕ್ಕಳಲ್ಲಿ ಕಿವಿ ಕೇಳದವರುಂಟು, ಮಾತು ಉಗ್ಗುವವರುಂಟು. ಇನ್ನು ಕೆಲವರಿಗೆ ಕಿವಿಯೂ ಚೆನ್ನಾಗಿದೆ, ನಾಲಗೆಯೂ ಚೆನ್ನಾಗಿದೆ. ಆದರೂ ಹೆಸರು ಹಿಡಿದು ಕರೆದರೆ ತಿರುಗಿ ನೋಡರು, ಬೇಕಾದುದನ್ನು ಬೆರಳಿನಿಂದ ತೋರಿಸರು. ಆಟದ ಬಂಡಿಯ ಚಕ್ರವೊಂದನ್ನೇ ಗಂಟೆಗಟ್ಟಲೆ ತಿರುಗಿಸುತ್ತಿರುವರು. ಕುಕ್ಕರಿನ ಸೀಟಿ ಕೇಳಿದೊಡನೆ ಕಿವಿ ಮುಚ್ಚಿಕೊಂಡು ಅರಚುವರು. ಈ ಸ್ಥಿತಿಯನ್ನು ವೈದ್ಯರು ಆಟಿಸಂ ಎಂದು ಕರೆಯುವರು. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದ ಮೇಲೆ ಈ ಹೆಸರು ಲೋಕದಲ್ಲಿ ಹರಡಿತು. ಲೋಕದಲ್ಲಿ ಸುಮಾರು 127 ಜನರಲ್ಲಿ ಒಬ್ಬರು 2021ರಲ್ಲಿ ಈ ಸ್ಥಿತಿಯವರಾಗಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಕನ್ನಡದಲ್ಲಿ ಇದಕ್ಕೆ ಸ್ವಲೀನತೆ ಎಂಬ ಪದವನ್ನು ಬಳಸುವರು. ಗ್ರೀಕ್ ಭಾಷೆಯ ಆಟೋಸ್ ಎಂಬುದಕ್ಕೆ ತಾನು ಎಂದರ್ಥವಾದುದರಿಂದ ಈ ಪದವು ವ್ಯುತ್ಪತ್ತಿಗೆ ಹೊಂದಿತಾದರೂ ವಸ್ತುಸ್ಥಿತಿಗೆ ಪೂರ್ಣವಾಗಿ ಹೊಂದದು. ತನ್ನಲ್ಲಿ ಲೀನನಾದವನಿಗೆ ಹೊರಗಿನ ಎಚ್ಚರವಿರದು. ಈ ಮಕ್ಕಳಿಗಾದರೋ ಹೊರಗಿನ ಶಬ್ದ, ಬೆಳಕು, ಸ್ಪರ್ಶಗಳು ಅನೇಕ ವೇಳೆ ನಮಗಿಂತ ಹೆಚ್ಚಾಗಿಯೇ ತಾಕುವವು. ಇದು ಅಂಟುವ ರೋಗವಲ್ಲ, ತಾಯಿಯ ಅಲಕ್ಷ್ಯದ ಫಲವಲ್ಲ, ಲಸಿಕೆಯಿಂದ ಬರುವುದೂ ಅಲ್ಲ. ಮೆದುಳು ಬೆಳೆಯುವ ರೀತಿಯಲ್ಲಿಯೇ ಇರುವ ಭೇದ. ಇದನ್ನು ಹೋಗಲಾಡಿಸುವ ಔಷಧವಿಲ್ಲ. ಮಾತು, ಸಂಜ್ಞೆ, ಊಟ, ಉಡುಪು, ಜನರೊಡನೆ ಬಳಕೆ ಇವುಗಳನ್ನು ಚಿಕ್ಕಂದಿನಿಂದಲೇ ತಾಳ್ಮೆಯಿಂದ ಅಭ್ಯಾಸಮಾಡಿಸಿದರೆ ಅನೇಕ ಮಕ್ಕಳು ಬಹಳ ಮುಂದುವರಿಯುವರು.

ನಮ್ಮ ಸ್ನೇಹಿತರೊಬ್ಬರ ಮೊಮ್ಮಗನ ನಿಮಿತ್ತವಾಗಿ ನಾವು ಕೆಲವು ದಿನ ಅಲ್ಲಿಗೆ ಹೋಗಿ ಬರಬೇಕಾಯಿತು. ಅಲ್ಲಿಯ ಶಿಶುಶಾಲೆಯಲ್ಲಿ ತಾಯಿಯಾದವಳು ಮಗುವನ್ನು ಬಿಟ್ಟು ಹೋಗುವಂತಿಲ್ಲ. ಅವಳೂ ಜೊತೆಯಲ್ಲಿ ಕುಳಿತು ಕಲಿಸುವ ಕ್ರಮವನ್ನು ಕಲಿಯಬೇಕು. ಕ್ರಮವೇನೋ ಯುಕ್ತವಾದುದೇ, ಏಕೆಂದರೆ ಉಪಾಧ್ಯಾಯರು ಕಲಿಸುವುದು ಒಂದೆರಡು ಗಂಟೆ, ಮಿಕ್ಕ ದಿನವೆಲ್ಲ ಮಗು ತಾಯಿಯ ಬಳಿಯಲ್ಲಿರುವುದು. ಆದರೆ ಸಂಸಾರದ ಲೆಕ್ಕ ತಲೆಕೆಳಗಾಗುವುದೂ ಇಲ್ಲಿಯೇ.

ಬೋಗಾದಿಯ ಕಡೆಯ ಒಂದು ಓಣಿಯಲ್ಲಿ ಇಂಥ ನಾಲ್ವರು ತಾಯಂದಿರು ಅಕ್ಕಪಕ್ಕದ ಕೋಣೆಗಳಲ್ಲಿ ಬಾಡಿಗೆಗಿದ್ದರು. ಒಬ್ಬಾಕೆ ಕಲಬುರಗಿ ಸೀಮೆಯವರು, ಒಬ್ಬಾಕೆ ಕೇರಳದವರು, ಮತ್ತಿಬ್ಬರು ಬಿಹಾರದವರು. ಕಲಬುರಗಿಯ ತಾಯಿ ಖಾಸಗಿ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದು, ಮಗನಿಗಾಗಿ ಕೆಲಸ ಬಿಟ್ಟುಬಂದವರು. ಯಜಮಾನರು ಊರಿನಲ್ಲಿ ಸಣ್ಣ ಬಟ್ಟೆಯಂಗಡಿ ನಡೆಸಿಕೊಂಡಿರುವರು. ನಾವು ಕೇಳಿದಾಗ ಆಕೆ ತಿಂಗಳ ಲೆಕ್ಕವನ್ನು ಬಿಡಿಸಿ ಹೇಳಿದರು. ಕೋಣೆಯ ಬಾಡಿಗೆ 6,000 ರೂಪಾಯಿ. ಎರಡನೆಯ ಒಲೆಯ ಖರ್ಚು 5,000. ಆಟೋ, ರೈಲುಗಳಿಗೆ 2,500. ಕೈಬಿಟ್ಟ ಸಂಬಳ 18,000. ಒಟ್ಟು 31,500 ರೂಪಾಯಿ. ಇದರ ಮುಂದೆ ಸಂಸ್ಥೆಗೆ ಕೊಡುವ ಶುಲ್ಕವು ಏನೂ ಅಲ್ಲ. ಆಕೆಯ ಒಡವೆಗಳಲ್ಲಿ ತಾಳಿಯೊಂದುಳಿದು ಮಿಕ್ಕವೆಲ್ಲ ಸಹಕಾರಿ ಸಂಘದಲ್ಲಿ ಒತ್ತೆಯಾಗಿದ್ದವು. ಅವುಗಳಲ್ಲಿ ಬಳೆಗಳೆರಡು ಹೋದದ್ದು, ಆರು ತಿಂಗಳಲ್ಲಿ ಗುಣಪಡಿಸುವೆನೆಂದು ನಂಬಿಸಿದವನೊಬ್ಬನಿಗಾಗಿ. ಇಂಥ ಭರವಸೆಗಳನ್ನು ವಾಚಕರು ನಂಬಬಾರದು. ಲಕ್ಷಗಟ್ಟಲೆ ಹಣ ಕೇಳುವ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಸಹ ಆಟಿಸಂಗೆ ಮಾಡತಕ್ಕದ್ದಲ್ಲವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಅಭಿಪ್ರಾಯಪಟ್ಟಿದೆ.

ಸರಕಾರದ ನೆರವು ಇಲ್ಲವೆಂದಲ್ಲ. 1995ರ ಕಾನೂನಿನಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸದ ಅಧಿನಿಯಮವು ಅದನ್ನು ಮೊದಲು ಲೆಕ್ಕಕ್ಕೆ ಹಿಡಿಯಿತು. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ 21 ನ್ಯೂನತೆಗಳಲ್ಲಿ ಅದೂ ಸೇರಿದೆ. ನೂರಕ್ಕೆ 40ಕ್ಕೆ ಕಡಮೆಯಿಲ್ಲದ ನ್ಯೂನತೆಯ ಪ್ರಮಾಣಪತ್ರ ಪಡೆದ ಮಗುವಿಗೆ 6ರಿಂದ 18 ವಯಸ್ಸಿನವರೆಗೆ ಉಚಿತ ವಿದ್ಯೆಯ ಹಕ್ಕುಂಟು. ನಿರಾಮಯ ಎಂಬ ಆರೋಗ್ಯವಿಮೆಯಿಂದ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ದೊರೆಯಬಹುದು. ಅಭ್ಯಾಸಚಿಕಿತ್ಸೆಗೆಂದು ಸಲ್ಲುವುದು ಅದರ ಒಂದಂಶ ಮಾತ್ರ. ಇವನ್ನೆಲ್ಲ ತಪ್ಪದೆ ಪಡೆಯಬೇಕು. ಆದರೆ ಮೇಲಿನ ಲೆಕ್ಕದಲ್ಲಿ ಅತ್ಯಂತ ದೊಡ್ಡ ಬಾಬು ತಾಯಿಯ ಸಂಬಳವಾಗಿದ್ದಿತು. ಅಂದರೆ ಅವಳ ಹೊತ್ತು. ಹೊತ್ತನ್ನು ತುಂಬಿಕೊಡುವ ಯೋಜನೆ ಯಾವ ಕಚೇರಿಯಲ್ಲಿಯೂ ನಮಗೆ ಕಾಣಲಿಲ್ಲ.

ಅದನ್ನು ತುಂಬಿಕೊಡುವವರನ್ನು ನಾವು ಆ ಓಣಿಯಲ್ಲಿಯೇ ಕಂಡೆವು. ನಾಲ್ವರಲ್ಲಿ ಒಬ್ಬಾಕೆ ಅಡಿಗೆ ಮಾಡುವಾಗ ಇನ್ನೊಬ್ಬಾಕೆ ಎರಡು ಮಕ್ಕಳನ್ನೂ ನೋಡಿಕೊಳ್ಳುವರು. ತಿಂಗಳಿಗೆ ತಲಾ 200 ರೂಪಾಯಿಯಂತೆ ಒಂದು ಡಬ್ಬಿಯಲ್ಲಿ ಹಾಕಿಟ್ಟು, ಊರಿಗೆ ಹೋಗಬೇಕಾಗಿ ಬಂದವರಿಗೆ ಕೊಡುವರು. ಮನೆಯ ಒಡತಿಯಾದ ವೃದ್ಧೆ ಮುಂಗಡದ ಹಣವನ್ನು ಬಿಟ್ಟುಕೊಟ್ಟುದಲ್ಲದೆ, ಪ್ರತಿ ಮಂಗಳವಾರ ಸಂಜೆ ಎರಡು ಗಂಟೆಯ ಕಾಲ ಕಲಬುರಗಿಯ ಹುಡುಗನನ್ನು ತನ್ನ ಜಗಲಿಯಲ್ಲಿ ಕೂರಿಸಿಕೊಂಡು ಹುರುಳಿಕಾಯಿ ಬಿಡಿಸುವುದನ್ನು ಕಲಿಸುತ್ತಿದ್ದಳು. ದಿನವೂ ಕರೆದೊಯ್ಯುವ ಆಟೋದವನು ಆ ಹುಡುಗನಿರುವಾಗ ಹಾರನ್ ಒತ್ತುತ್ತಿರಲಿಲ್ಲ.

ಇದನ್ನು ನೋಡಿದಾಗ ನಮಗೆ ಹಳೆಯ ಮೈಸೂರಿನ ವಾರಾನ್ನದ ನೆನಪಾಯಿತು. ಬಡವಿದ್ಯಾರ್ಥಿಯು ಸೋಮವಾರ ಒಂದು ಮನೆಯಲ್ಲಿ, ಮಂಗಳವಾರ ಇನ್ನೊಂದು ಮನೆಯಲ್ಲಿ ಉಂಡು ವಿದ್ಯಾವಂತನಾಗುತ್ತಿದ್ದನು. ಯಾವ ಮನೆಗೂ ಅದು ಹೊರೆಯಾಗುತ್ತಿರಲಿಲ್ಲ. ಏಳು ಮನೆ ಸೇರಿದರೆ ಒಬ್ಬನ ಬಾಳು ನಡೆಯುತ್ತಿದ್ದಿತು. ಇಂದು ಈ ತಾಯಂದಿರಿಗೆ ಬೇಕಾದುದು ಅನ್ನವಲ್ಲ, ಹೊತ್ತು. ನೆರೆಯ ಐದು ಮನೆಯವರು ವಾರಕ್ಕೊಂದು ದಿನ ಎರಡೆರಡು ಗಂಟೆ ಮಗುವಿನ ಬಳಿಯಿದ್ದರೆ ತಾಯಿಗೆ ವಾರದಲ್ಲಿ ಹತ್ತು ಗಂಟೆ ದೊರೆಯುವುದು. ಅಷ್ಟರಲ್ಲಿ ಆಕೆ ಹೊಲಿಗೆಯನ್ನೋ ಪಾಠ ಹೇಳುವುದನ್ನೋ ಮಾಡಿ ನಾಲ್ಕು ಕಾಸು ಸಂಪಾದಿಸಬಹುದು. ಇಲ್ಲವೆ ಕಣ್ತುಂಬ ನಿದ್ರೆ ಮಾಡಬಹುದು. ಇದಕ್ಕೆ ಚಂದಾ ಬೇಡ, ಸಭೆ ಬೇಡ. ಮಗುವಿಗೆ ಯಾವ ಶಬ್ದ ಆಗದು, ಏನು ತಿನ್ನುವುದು, ಸಿಟ್ಟಾದಾಗ ಏನು ಮಾಡಬೇಕು ಎಂಬುದನ್ನು ತಾಯಿಯಿಂದಲೇ ಕೇಳಿ ತಿಳಿದುಕೊಂಡರೆ ಸಾಕು.

ಬೀಳ್ಕೊಳ್ಳುವಾಗ ಆ ಕಲಬುರಗಿಯ ತಾಯಿ ಆಡಿದ ಮಾತನ್ನು ಅವರ ನುಡಿಯಲ್ಲಿಯೇ ಕೊಡುವೆವು: “ಫೀಸಿಂದು ಚಿಂತಿ ಇಲ್ರೀ ಸರ, ಬಾಡಿಗಿದೂ ಹ್ಯಾಂಗರ ನಡೀತದ. ನಾವು ಹೋದ ಮ್ಯಾಲ ಇಂವಗ ಯಾರ್ರೀ?” ಹದಿನೆಂಟು ತುಂಬಿದವರಿಗೆ ಪೋಷಕರನ್ನು ನೇಮಿಸಲು ರಾಷ್ಟ್ರೀಯ ನ್ಯಾಸದ ಕಾನೂನಿನಂತೆ ಜಿಲ್ಲೆಗಳಲ್ಲಿ ಸ್ಥಳೀಯ ಸಮಿತಿಗಳುಂಟೆಂದು ನಾವು ತಿಳಿಸಿದೆವು. ಆಕೆ ಅದನ್ನು ಬಲ್ಲವರೇ ಆಗಿದ್ದರು. ಪೋಷಕನೆಂದು ಯಾರ ಹೆಸರನ್ನು ಬರೆಯಿಸಲಿ ಎಂಬುದೇ ಆಕೆಯ ಪ್ರಶ್ನೆ. ಸಮಿತಿಯು ಹೆಸರನ್ನು ಬರೆದುಕೊಳ್ಳಬಲ್ಲುದು. ಆ ಹೆಸರಿನ ಮನುಷ್ಯನನ್ನು ಬಂಧುಬಳಗವೂ ನೆರೆಹೊರೆಯೂ ಒದಗಿಸಬೇಕು. ಇಂದು ಮಂಗಳವಾರದ ಎರಡು ಗಂಟೆ ಮಗುವಿನೊಡನೆ ಕುಳಿತವರಲ್ಲದೆ, ಇಪ್ಪತ್ತು ವರ್ಷಗಳ ಅನಂತರ ಅಂಥವನು ಬೇರೆಲ್ಲಿಂದ ಬರುವನು?

ಮಗುವಿನ ಮಾತಿನ ವಿಷಯದಲ್ಲಿ ಶಂಕೆಯುಳ್ಳವರು ದೊಡ್ಡವನಾದ ಮೇಲೆ ಸರಿಹೋಗುವನೆಂದು ಕಾಲಹರಣ ಮಾಡದೆ ಬೇಗನೆ ತಜ್ಞರಿಗೆ ತೋರಿಸುವುದು ಲೇಸು. ಮೈಸೂರಿಗೆ ಹೋಗುವವರು ಜನನಪತ್ರ, ಹಿಂದಿನ ಪರೀಕ್ಷೆಗಳ ಕಾಗದ, ವರಮಾನದ ಪ್ರಮಾಣಪತ್ರಗಳನ್ನು ಕೊಂಡೊಯ್ಯಲಿ. ಮಗುವಿಗೆ ಒಗ್ಗಿದ ತಿಂಡಿಯೊಂದು ಕೈಯಲ್ಲಿರಲಿ. ಹೋಗಬೇಕಾದ ಪ್ರಸಂಗವಿಲ್ಲದ ವಾಚಕರು ತಮ್ಮ ಬೀದಿಯಲ್ಲಿ ಇಂಥ ಮನೆಯುಂಟೇ ಎಂದು ಒಮ್ಮೆ ವಿಚಾರಿಸಲಿ. ಉಂಟಾದರೆ ವಾರದ ಯಾವ ದಿನ ತಮ್ಮದೆಂಬುದನ್ನು ಆ ತಾಯಿಗೆ ತಿಳಿಸಲಿ.