ಬೀದರಿಗೆ ಎರಡು ದಿನ

ಎಳ್ಳಮಾಸಿಯ ಚರಗ ಚೆಲ್ಲಿ, ತೊಗರಿಯ ರಾಶಿ ಮುಗಿದು, ಬಿಳಿಜೋಳವು ಹೊಲದಲ್ಲಿ ತೆನೆ ಹೊತ್ತು ನಿಂತಿರುವ ಆ ಕೆಲವು ವಾರಗಳಲ್ಲಿ ನಮ್ಮ ಗೊಬ್ಬೂರಿನ ಸೀಮೆಯ ಒಕ್ಕಲು ಮನೆಗಳಿಗೆ ಒಂದು ವಿಧವಾದ ವಿರಾಮ ಪ್ರಾಪ್ತವಾಗುತ್ತದೆ. ಬೆಳಗಿನ ಚಳಿ ಹಿತವಾಗಿರುತ್ತದೆ. ಮುಂದೆ ಬರಲಿರುವ ಬೇಸಗೆಯ ಉರಿ ಇನ್ನೂ ದೂರದಲ್ಲಿರುತ್ತದೆ. ಕೈಯಲ್ಲಿ ನಾಲ್ಕು ಕಾಸೂ ಓಡಾಡುತ್ತಿರುತ್ತದೆ. ಎಲ್ಲಿಗಾದರೂ ಎರಡು ದಿನ ಹೋಗಿಬರೋಣವೆಂಬ ಮಾತು ಪಡಸಾಲೆಯಲ್ಲಿ ಹುಟ್ಟುವುದು ಈ ಕಾಲದಲ್ಲಿಯೇ. ಗಾಣಗಾಪುರವು ನಮಗೆ ನೆರೆಮನೆ. ಭೀಮಾ–ಅಮರಜಾ ಸಂಗಮದ ಸ್ನಾನಕ್ಕೆ ಯೋಜನೆಯ ಅಗತ್ಯವಿಲ್ಲ. ಆದರೆ ಪುರಾತನವಾದೊಂದು ರಾಜಧಾನಿಯನ್ನು ಕಣ್ತುಂಬ ಕಾಣಬೇಕೆಂಬ ಅಪೇಕ್ಷೆಯುಳ್ಳವರಿಗೆ ನಾನು ಹೇಳುವ ಹೆಸರು ಬೀದರ.

ಯೂರೋಪಿನ ಫ್ಲಾರೆನ್ಸ್ ನಗರಕ್ಕೆ ಎರಡು ದಿನದ ಮಟ್ಟಿಗೆ ಹೋಗುವವನು ತಿಂಗಳುಗಟ್ಟಲೆ ಮುಂಚಿತವಾಗಿ ನಕ್ಷೆ ಹರಡಿಕೊಂಡು ಕೂಡುತ್ತಾನೆ. ಯಾವ ಗುಡಿಯ ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ, ಯಾವ ಚಿತ್ರವನ್ನು ಯಾವ ಬೆಳಕಿನಲ್ಲಿ ನೋಡಬೇಕು ಎಂಬುದನ್ನೆಲ್ಲ ವಿಚಾರಿಸಿಕೊಳ್ಳುತ್ತಾನೆ. ಆ ನಗರದ ಮಹಾದೇವಾಲಯದ ಮೇಲೆ ಬ್ರುನೆಲ್ಲೆಸ್ಕಿಯು ಎತ್ತಿ ನಿಲ್ಲಿಸಿದ ಗುಮ್ಮಟವು ಪೂರ್ಣಗೊಂಡದ್ದು 1436ರಲ್ಲಿ. ಅದೇ 1436ರಲ್ಲಿ ಬೀದರಿನಲ್ಲಿ ಸುಲ್ತಾನ ಅಹಮದ್ ಶಾಹ ವಲಿಯು ದೇಹವಿಟ್ಟನು. ಅಷ್ಟೂರಿನಲ್ಲಿರುವ ಅವನ ಗೋರಿಯ ಗುಮ್ಮಟವೂ ಆ ಕಾಲದ್ದೇ. ಒಂದೇ ಕಾಲದ ಎರಡು ಗುಮ್ಮಟಗಳಲ್ಲಿ ಒಂದಕ್ಕೆ ಅಷ್ಟು ಸಿದ್ಧತೆ ಸಲ್ಲುವುದಾದರೆ, ನಮ್ಮ ಮನೆಬಾಗಿಲಿಗೆ ಹತ್ತಿರವಿರುವ ಇನ್ನೊಂದಕ್ಕೂ ಅಷ್ಟೇ ಸಿದ್ಧತೆ ಸಲ್ಲಬೇಕು. ಸಮೀಪದಲ್ಲಿದೆಯೆಂಬ ಕಾರಣಕ್ಕೆ ಸಲಿಗೆಯಿಂದ ನೋಡಿದ ಊರು ತನ್ನ ಗುಟ್ಟನ್ನು ಬಿಟ್ಟುಕೊಡುವುದಿಲ್ಲ.

ಯೋಜನೆಯ ಮೊದಲ ಕೆಲಸ ಬಿಡುವುದು. ಬೀದರಿಗೆ ಹೊರಟೆವೆಂದರೆ ಸಾಕು, ಮನೆಯ ಹುಡುಗರು, ‘ಕಾಕಾ, ಅಷ್ಟ್ ದೂರ ಹೋಗಿ ಕಲ್ಯಾಣ ನೋಡ್ಲಾರ್ದೆ ಹ್ಯಾಂಗ ಬರಾದ್ರಿ?’ ಎನ್ನುತ್ತಾರೆ, ಹಿರಿಯರಿಗೆ ಹುಮನಾಬಾದಿನ ವೀರಭದ್ರೇಶ್ವರನ ದರ್ಶನವಾಗಬೇಕು, ಇನ್ನೊಬ್ಬರಿಗೆ ಎದೆಮಟ್ಟದ ನೀರಿನಲ್ಲಿ ನಡೆದು ಹೋಗಬೇಕಾದ ಝರಣಿ ನರಸಿಂಹನ ಗುಹೆಯೇ ಮುಖ್ಯ. ಎಲ್ಲವೂ ಯೋಗ್ಯವಾದ ಸ್ಥಳಗಳೇ. ಆದರೆ ಎರಡು ದಿನದ ಚೀಲದಲ್ಲಿ ಹತ್ತು ಊರು ತುಂಬಿದರೆ ಯಾವ ಊರೂ ಹಿಡಿಯದೆ, ಹಿಂದಿರುಗಿದ ಮೇಲೆ ಬಸ್ಸಿನ ಕಿಟಕಿಯೊಂದೇ ನೆನಪಿನಲ್ಲಿ ಉಳಿಯುತ್ತದೆ. ಆದುದರಿಂದ ಒಂದು ನಗರ, ಆ ನಗರದ ಒಂದು ಶತಮಾನ, ಆ ಶತಮಾನದ ಮೂರು ನಾಲ್ಕು ಕಟ್ಟಡಗಳು, ಇಷ್ಟನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಮತ.

ನಮ್ಮ ಕಡೆಯವರಿಗೆ ಇನ್ನೊಂದು ಸೌಭಾಗ್ಯವುಂಟು. ಬೀದರಿನ ಹಾದಿ ಕಲಬುರಗಿಯ ಮೇಲೆಯೇ ಹೋಗುವುದರಿಂದ, ಚರಿತ್ರೆಯು ನಡೆದ ಕ್ರಮದಲ್ಲಿಯೇ ನಾವೂ ನಡೆಯಬಹುದು. 1347ರಲ್ಲಿ ಬಹಮನಿ ರಾಜ್ಯವು ಹುಟ್ಟಿದ ತರುವಾಯ ಮೊದಲು ರಾಜಧಾನಿಯಾದದ್ದು ಕಲಬುರಗಿ. ಗೊಬ್ಬೂರಿನಿಂದ ಮೊದಲ ಬಸ್ಸು ಹಿಡಿದು ಹೋದರೆ, ಅಲ್ಲಿಯ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಯ ಕಮಾನುಗಳ ನೆರಳಿನಲ್ಲಿ ಒಂದು ಗಳಿಗೆ ನಿಲ್ಲುವುದಕ್ಕೆ ವೇಳೆ ಸಿಕ್ಕುತ್ತದೆ. ಬಯಲಂಗಳವಿಲ್ಲದೆ ಸಂಪೂರ್ಣ ಮಾಳಿಗೆ ಹೊದ್ದ ಅಂತಹ ಮಸೀದಿ ಈ ದೇಶದಲ್ಲಿ ಅಪರೂಪ. 1422ರಲ್ಲಿ ಪಟ್ಟಕ್ಕೆ ಬಂದ ಅಹಮದ್ ಶಾಹನು ಇಲ್ಲಿಂದ ರಾಜಧಾನಿಯನ್ನು ಬೀದರಿಗೆ ಒಯ್ದನು. ಅವನು ಹೋದ ದಿಕ್ಕಿಗೇ ನಾವೂ ಕೆಂಬಾಳೆಯ ಕಮಲಾಪುರವನ್ನು ದಾಟಿ, ಹುಮನಾಬಾದಿನ ಮಾರ್ಗವಾಗಿ ಹೋಗುತ್ತೇವೆ. 2017ರಿಂದ ಕಲಬುರಗಿ–ಬೀದರ ರೈಲುಮಾರ್ಗವೂ ತೆರೆದಿರುವುದರಿಂದ ಆಯ್ಕೆ ನಮ್ಮದು. ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿಗಳಿದ್ದರೆ ಊಟಕ್ಕಾಗಿ ಹೊತ್ತು ಕಳೆಯಬೇಕಾಗಿಲ್ಲ.

ಮೊದಲ ದಿನದ ಅಪರಾಹ್ಣವನ್ನು ಊರೊಳಗಿನ ಮಹಮೂದ್ ಗವಾನನ ಮದರಸೆಗೆ ಮೀಸಲಿಡಬೇಕು. ಇರಾನಿನ ಗೀಲಾನದಿಂದ ವ್ಯಾಪಾರಕ್ಕೆಂದು ಬಂದು ಬಹಮನಿಗಳ ಮಂತ್ರಿಪದವಿಗೇರಿದ ಆ ಮಹಾಶಯನು 1472ರಲ್ಲಿ ಮೂರು ಅಂತಸ್ತುಗಳ ಈ ವಿದ್ಯಾಲಯವನ್ನು ಕಟ್ಟಿಸಿದನು. 1481ರಲ್ಲಿ ಸುಳ್ಳುಪತ್ರವೊಂದರ ಪಿತೂರಿಗೆ ಸಿಲುಕಿ ತನ್ನ ಸುಲ್ತಾನನ ಆಜ್ಞೆಯಿಂದಲೇ ಹತನಾದನು. 1696ರಲ್ಲಿ ಒಳಗೆ ಕೂಡಿಟ್ಟಿದ್ದ ಮದ್ದಿಗೆ ಬೆಂಕಿ ತಗುಲಿ ಕಟ್ಟಡದ ಒಂದು ಪಾರ್ಶ್ವವೇ ಹಾರಿಹೋಯಿತು. ಉಳಿದುನಿಂತ ಮಿನಾರಿನ ಮೈಮೇಲೆ ನೀಲಿ, ಹಳದಿ, ಬಿಳಿಯ ಹೆಂಚಿನ ಚೂರುಗಳು ಇನ್ನೂ ಅಂಟಿಕೊಂಡಿವೆ. ಸಂಜೆಯ ಬಿಸಿಲಿನಲ್ಲಿ ಅವನ್ನು ನೋಡುತ್ತ ಇಡೀ ಮುಖಭಾಗವು ಆ ಬಣ್ಣಗಳಿಂದ ಹೊಳೆಯುತ್ತಿದ್ದ ಕಾಲವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವುದೇ ಪ್ರೇಕ್ಷಕನ ಕೆಲಸ. ಮದರಸೆ ಮೇಲೇಳುವ ಆಸುಪಾಸಿನಲ್ಲಿಯೇ, ರಶಿಯದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನನು ಕುದುರೆಯೊಂದನ್ನು ಮಾರಲೆಂದು ಈ ಊರಿಗೆ ಬಂದಿದ್ದನು. ಅಷ್ಟು ದೂರದಿಂದ ಯೂರೋಪಿಯನನೇ ಬಂದು ಕಂಡು ಬರೆದಿಟ್ಟ ನಗರವಿದು.

ಸಂಜೆಗೆ ಬಿದರಿ ಕೆಲಸಗಾರರ ಓಣಿಗೆ ಹೋಗಿ ಒಂದು ಅಂಗಡಿಯಲ್ಲಿ ಸಾವಕಾಶವಾಗಿ ಕೂಡಬೇಕು. ಸತುವಿಗೆ ಕೊಂಚ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಉಳಿಯಿಂದ ಬಳ್ಳಿಯ ಗೆರೆ ಕೊರೆದು, ಆ ಗೆರೆಯೊಳಗೆ ಬೆಳ್ಳಿಯ ತಂತಿಯನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂಡಿಸುತ್ತಾರೆ. ಕಡೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕುದಿಸಿ ಪಾತ್ರೆಗೆ ಹಚ್ಚಿದರೆ ಲೋಹವು ಕಾಡಿಗೆಗಪ್ಪಾಗುತ್ತದೆ; ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ.

ಎರಡನೆಯ ದಿನ ಬೆಳಗ್ಗೆ ಕೋಟೆ. ಬಂಡೆಯನ್ನೇ ಕಡಿದು ಮಾಡಿದ ಕಂದಕವನ್ನು ದಾಟಿ ಒಳಹೊಕ್ಕವನು ರಂಗೀನ ಮಹಲನ್ನು ಬಿಟ್ಟು ಬರಬಾರದು. ಅಲ್ಲಿಯ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ ಕುಶಲತೆಯು, ಹಿಂದಿನ ಸಂಜೆ ಲೋಹದಲ್ಲಿ ಕಂಡ ಕುಶಲತೆಗೆ ಸೋದರಿಯಾಗಿದೆ. ಬೀಗ ತೆಗೆಸಬೇಕಾದೀತು, ಕೋಟೆಯಲ್ಲಿರುವ ಪುರಾತತ್ತ್ವ ಇಲಾಖೆಯವರನ್ನು ವಿನಯದಿಂದ ಕೇಳಿಕೊಳ್ಳಬೇಕು. ಬಿಸಿಲು ಏರಿದ ಮೇಲೆ ಅಷ್ಟೂರಿಗೆ ಹೋಗಬೇಕೆಂಬುದಕ್ಕೆ ಕಾರಣವುಂಟು: ಅಹಮದ್ ಶಾಹನ ಗೋರಿಯ ಒಳಗು ಕತ್ತಲೆ, ಕಾವಲಿನವರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಹೊರಳಿಸಿದರೆ, ಗುಮ್ಮಟದ ಕೆಂಪು, ಹೊನ್ನಿನ ಬರಹಗಳು ಒಂದೊಂದಾಗಿ ಬೆಳಗುತ್ತವೆ. ಮೋಡ ಕವಿದ ದಿನ ಆ ಭಾಗ್ಯವಿಲ್ಲ.

ಈ ಗೋರಿಯು ನಮ್ಮವರಿಗೆ ಇನ್ನಷ್ಟು ಆಪ್ತವಾದದ್ದು. ಈ ಸುಲ್ತಾನನನ್ನು ಮುಸಲ್ಮಾನರು ವಲಿಯೆಂದು ನಂಬಿದರೆ, ಲಿಂಗಾಯತರಲ್ಲಿ ಹಲವರು ಅಲ್ಲಮಪ್ರಭುವಿನ ಸ್ವರೂಪವೆಂದು ಭಾವಿಸುತ್ತ ಬಂದಿದ್ದಾರೆ. ವರ್ಷಕ್ಕೊಮ್ಮೆ ನಡೆಯುವ ಉರುಸಿಗೆ ನಮ್ಮ ಕಲಬುರಗಿ ಜಿಲ್ಲೆಯ ಮಾಡ್ಯಾಳದ ಜಂಗಮರು ಭಕ್ತಸಮೂಹದೊಡನೆ ಹೋಗಿ ಪೂಜೆ ಸಲ್ಲಿಸುವ ಸಂಪ್ರದಾಯವುಂಟು. ಅವರಿಗೆ ಅದು ನೋಡುವ ಸ್ಥಳವಲ್ಲ, ಸೇರುವ ಸ್ಥಳ.

ವಾಚಕ ಮಹಾಶಯರಲ್ಲಿ ನನ್ನ ವಿನಂತಿ ಇಷ್ಟು: ಬರುವ ಎಳ್ಳಮಾಸಿ ಕಳೆದ ಮೇಲೆ ಮನೆಯವರೆಲ್ಲ ಕೂಡಿ ಈ ಎರಡು ದಿನಗಳನ್ನು ಬೀದರಿಗೇ ಕೊಡಿರಿ, ಕಲ್ಯಾಣಕ್ಕೆ ಮುಂದಿನ ವರ್ಷ ಬೇರೆ ಎರಡು ದಿನ ಕೊಡಿರಿ.