ಹತ್ತು ಕಂಪ್ಯೂಟರ್ ಕೊಡಿ ಅಂತ ಬರೆದ್ರೆ ಸಾಲ್ದು

ಭಾಗ 1/6

ಫೋಟೋದಲ್ಲಿ ಇರೋದು ಒಂದು ಸ್ವಿಚ್ ಬೋರ್ಡ್. ಕಂಪ್ಯೂಟರ್ ಬಗ್ಗೆ ಸೀರೀಸ್ ಮಾಡ್ತೀನಿ ಅಂದವಳು ಇದನ್ಯಾಕೆ ಹಾಕಿದ್ಲು ಅಂತ ಕೇಳ್ತೀರಿ. ನಾಲ್ಕನೇ ಭಾಗದಲ್ಲಿ ಹೇಳ್ತೀನಿ.

ನಾನು ಏಳನೇ ಕ್ಲಾಸಿನವರೆಗೆ ಓದಿದ್ದು ಶಿರಸಿ–ಸಿದ್ದಾಪುರ ರಸ್ತೆಯಿಂದ ಒಳಗಿರೋ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಈಗ ಅಲ್ಲಿ 41 ಮಕ್ಕಳು. ನಾನಿದ್ದಾಗ ಹೆಚ್ಚುಕಮ್ಮಿ ಇದರ ಡಬಲ್ ಇದ್ರು. ಪ್ರತಿ ಜೂನ್‌ನಲ್ಲಿ ಒಂದೆರಡು ಮನೆಯವರು ಮಕ್ಕಳನ್ನ ಪೇಟೆ ಶಾಲೆಯ ವ್ಯಾನ್ ಹತ್ತಿಸ್ತಾರೆ. ಕೇಳಿದ್ರೆ ಒಂದೇ ಮಾತು: "ಅಲ್ಲಿ ಕಂಪ್ಯೂಟರ್ ಇದೆ." ಇಲ್ಲೇ ಉಳಿದವರು ಎಂಟನೇ ಕ್ಲಾಸಿಗೆ ಪೇಟೆ ಹೈಸ್ಕೂಲಿಗೆ ಹೋದಾಗ ಮೌಸ್ ಮುಟ್ಟೋಕೂ ಹೆದರಿ ಲ್ಯಾಬಲ್ಲಿ ಹಿಂದೆ ನಿಲ್ತಾರೆ. ನಾನೂ ನಿಂತಿದ್ದೆ.

ಈ ವರ್ಷ ಎಸ್‌ಡಿಎಂಸಿ ಅಧ್ಯಕ್ಷರು ಮನೆಗೆ ಬಂದು ಹೇಳಿದ್ರು: "ತಂಗೀ, ನೀ ಬಿಕಾಂ ಅಲ್ದಾ? ಹತ್ತು ಕಂಪ್ಯೂಟರ್ ಕೊಡಿ ಅಂತ ಒಂದು ಅರ್ಜಿ ಬರ್ದು ಕೊಡು. ಚೂರು ಇಂಗ್ಲಿಷಲ್ಲಿ ಇರ್ಲಿ."

ಅವರು ಕೇಳಿದ್ದು ಒಂದು ಪುಟ. ಅಕ್ಕೋರು, ಪಾಲಕರು, ನಾನು ಸೇರಿ ಬರೆದಿದ್ದು ಒಂಬತ್ತು ಪುಟ. ಅದರಲ್ಲಿ ಎಂತ ಇತ್ತು ಅನ್ನೋದೇ ಈ ಸೀರೀಸ್.

ಭಾಗ 2/6

ಮೊದಲು ಒಂದು ಕಾನೂನು. ನಮ್ಮಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 21ನೇ ಸೆಕ್ಷನ್ ಪ್ರಕಾರ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಭಾಗ ಪಾಲಕರು ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು. 22ನೇ ಸೆಕ್ಷನ್ ಪ್ರಕಾರ ಆ ಸಮಿತಿ ಶಾಲಾ ಅಭಿವೃದ್ಧಿ ಯೋಜನೆ ಮಾಡಬೇಕು. ಸರ್ಕಾರ ಕೊಡೋ ಅನುದಾನಕ್ಕೆ ಆಧಾರ ಆ ಯೋಜನೆಯೇ ಅಂತ ಕಾಯ್ದೆಯಲ್ಲೇ ಇದೆ.

ಅಂದ್ರೆ ಯಾರದೋ ಮುಂದೆ ಕೈಮುಗಿದು ನಿಂತು ಕೇಳೋ ಉಪಕಾರ ಇದಲ್ಲ ಮಾರಾಯ್ರೆ. ಲೆಕ್ಕ ಹಾಕಿ, ಸಹಿ ಮಾಡಿ, ಕಾರಣ ಕೊಟ್ಟು ಕೇಳಬೇಕಾದ್ದು.

ಕಾರಣ ಕೊಡೋಕೆ ಅಂಕಿ ಬೇಕು. ಪ್ರತಿ ಶಾಲೆಯೂ ಯು-ಡೈಸ್ ಪ್ಲಸ್‌ನಲ್ಲಿ ಮಕ್ಕಳೆಷ್ಟು, ಕೋಣೆ ಎಷ್ಟು, ಕರೆಂಟ್ ಇದೆಯಾ, ಇಂಟರ್ನೆಟ್ ಇದೆಯಾ, ಕೆಲಸ ಮಾಡೋ ಕಂಪ್ಯೂಟರ್ ಎಷ್ಟು ಅಂತ ತುಂಬುತ್ತೆ. ನಮ್ಮ ಯೋಜನೆಯ ಮೊದಲ ಪುಟ ಅದೇ ಅಂಕಿ. ಅಲ್ಲಿ ಒಂದು, ಇಲ್ಲಿ ಇನ್ನೊಂದು ಇದ್ರೆ ಓದೋರಿಗೆ ಅಲ್ಲೇ ನಂಬಿಕೆ ಹೋಗ್ತದೆ.

ಇನ್ನೊಂದು ವಿಷ್ಯ. ಉತ್ತರ ಕನ್ನಡ ಕಂದಾಯಕ್ಕೆ ಒಂದೇ ಜಿಲ್ಲೆ ಆದ್ರೂ ಶಿಕ್ಷಣ ಇಲಾಖೆಗೆ ಎರಡು: ಕಾರವಾರ ಮತ್ತು ಶಿರಸಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಶಿರಸಿ ಶೈಕ್ಷಣಿಕ ಜಿಲ್ಲೆಯಲ್ಲಿವೆ. ನಿಮ್ಮೂರ ಯೋಜನೆ ಬಿಇಒ ಆಫೀಸಿನಿಂದ ಮೇಲೆ ಹೋದ್ರೆ ಶಿರಸಿಯ ಡಿಡಿಪಿಐ ಆಫೀಸಿಗೇ ಹೋಗ್ತದೆ.

ಭಾಗ 3/6

ದುಡ್ಡು ಎಲ್ಲಿಂದ?

2018ರಲ್ಲಿ ಬಂದ ಸಮಗ್ರ ಶಿಕ್ಷಾ ಯೋಜನೆಯಲ್ಲಿ 6ರಿಂದ 12ನೇ ಕ್ಲಾಸಿನ ಶಾಲೆಗಳಿಗೆ ಐಸಿಟಿ ಲ್ಯಾಬ್ ಅನ್ನೋ ಭಾಗ ಇದೆ. ಮಾರ್ಗಸೂಚಿ ಪ್ರಕಾರ ಲ್ಯಾಬ್ ಕಟ್ಟೋಕೆ ಗರಿಷ್ಠ 6.40 ಲಕ್ಷ. ನಡೆಸೋಕೆ ವರ್ಷಕ್ಕೆ ಗರಿಷ್ಠ 2.40 ಲಕ್ಷ, ಐದು ವರ್ಷ.

ಈಗ ಕಾಮರ್ಸ್‌ನವರು ಕ್ಯಾಲ್ಕುಲೇಟರ್ ತೆಗೀರಿ. 2.40 × 5 = 12 ಲಕ್ಷ. ಸಾಮಾನು ತರೋಕೆ 6.40, ಅದನ್ನ ಐದು ವರ್ಷ ನಡೆಸೋಕೆ 12. ಕಲಿಸೋರು, ಕರೆಂಟ್, ಇಂಟರ್ನೆಟ್ ಎಲ್ಲಾ ಈ 12ರೊಳಗೆ. ಸರ್ಕಾರದ ಲೆಕ್ಕದಲ್ಲೇ ನಡೆಸೋ ಖರ್ಚು ಖರೀದಿಯ ಹತ್ತಿರ ಹತ್ತಿರ ಎರಡು ಪಟ್ಟು! ನಾವು ಊರಲ್ಲಿ ಬರೆಯೋ ಅರ್ಜಿಗಳಲ್ಲಿ ಈ ಎರಡನೇ ಸಾಲೇ ಇರೋದಿಲ್ಲ.

ಎರಡನೇ ದಾರಿ ಸಿಎಸ್‌ಆರ್. 2013ರ ಕಂಪನಿ ಕಾಯ್ದೆ, ಸೆಕ್ಷನ್ 135. ಕಂಪನಿ ಲಾ ಪೇಪರಿಗೆ ಬಾಯಿಪಾಠ ಮಾಡಿದ್ದು ನೆನಪಿದ್ಯಾ? ನಿವ್ವಳ ಮೌಲ್ಯ 500 ಕೋಟಿ, ಇಲ್ಲಾ ವಹಿವಾಟು 1000 ಕೋಟಿ, ಇಲ್ಲಾ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಖರ್ಚು ಮಾಡಬೇಕು. ಆದ್ರೆ ಅದೇ ಸೆಕ್ಷನ್‌ನಲ್ಲಿ, ಕಂಪನಿ ಕೆಲಸ ಮಾಡೋ ಜಾಗದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಅಂತಲೂ ಇದೆ. ಕಾಡು, ತೋಟ, ಗದ್ದೆ ಇರೋ ನಮ್ಮ ಕಡೆ ಅಂಥ ಕಂಪನಿ ಎಷ್ಟಿವೆ? ಹಾಗಾಗಿ ನಮ್ಮೂರಿಂದ ಬೆಂಗಳೂರಿಗೆ ಹೋಗಿ ಕೆಲಸ ಮಾಡ್ತಿರೋ ಅಣ್ಣ, ಅಕ್ಕಂದಿರೇ ನಮಗೆ ದಾರಿ. ಟ್ರಸ್ಟ್ ಮೂಲಕ ದುಡ್ಡು ಬರೋದಾದ್ರೆ ಆ ಟ್ರಸ್ಟಿಗೆ ಸಿಎಸ್‌ಆರ್-1 ನೋಂದಣಿ ಇದೆಯಾ ನೋಡಿ. 2021ರ ಏಪ್ರಿಲ್‌ನಿಂದ ಅದು ಬೇಕೇ ಬೇಕು.

ಭಾಗ 4/6

ಈಗ ಸ್ವಿಚ್ ಬೋರ್ಡ್.

ನಮ್ಮ ಶಾಲೆಯ ವೈರಿಂಗ್ ಹಳೇದು. ಅರ್ಥಿಂಗ್ ಸರಿ ಇಲ್ಲ. ಮೇ ತಿಂಗಳ ಸಿಡಿಲು ನಿಮಗೆ ಗೊತ್ತು. ಜೂನ್‌ನಿಂದ ಗೋಡೆಗೆ ಬೂಷ್ಟು, ಪುಸ್ತಕಕ್ಕೆ ಬೂಷ್ಟು. ಲೈನ್ ಮೇಲೆ ಮರ ಬಿದ್ರೆ ಕರೆಂಟ್ ಬರೋದು ಯಾವಾಗ ಅಂತ ಕೇಳೋ ಹಾಗಿಲ್ಲ. ಬೇರೆ ಊರಿನ ಲಿಸ್ಟ್ ಕಾಪಿ ಮಾಡಿದ್ರೆ ನಮ್ಮ ಮಳೆ ಅದರಲ್ಲಿ ಇರೋದಿಲ್ಲ.

ಅದಕ್ಕೇ ನಮ್ಮ ಯೋಜನೆಯ ಮೊದಲ ಖರ್ಚು ವೈರಿಂಗ್ ಮತ್ತು ಅರ್ಥಿಂಗ್. ಡೆಸ್ಕ್‌ಟಾಪ್ ಬದಲು ಲ್ಯಾಪ್‌ಟಾಪ್ ಕೇಳಿದ್ವಿ: ಕರೆಂಟ್ ಹೋದ್ರೂ ಪಿರಿಯಡ್ ನಡೀತದೆ, ಸಂಜೆ ಒಣ ಕಪಾಟಿನಲ್ಲಿ ಬೀಗ ಹಾಕಿ ಇಡಬಹುದು. ನೆಟ್ ಇಲ್ಲದಿದ್ರೂ ನಡೆಯೋ ಪಾಠ ಮೊದಲೇ ತುಂಬಿಸಿಡೋದು. ಸಾಫ್ಟ್‌ವೇರ್ ಲಿನಕ್ಸ್. ಕೇರಳದ ಸರ್ಕಾರಿ ಶಾಲೆಗಳು ಎಷ್ಟೋ ವರ್ಷದಿಂದ ಅದರಲ್ಲೇ ಕಲಿಸ್ತಿವೆ, ಲೈಸೆನ್ಸ್ ಖರ್ಚಿಲ್ಲ.

ಎಷ್ಟು ಬೇಕು? 6 ಮತ್ತು 7ನೇ ಕ್ಲಾಸ್ ಸೇರಿ 12 ಮಕ್ಕಳು. ಇಬ್ಬರಿಗೆ ಒಂದು ಅಂದ್ರೆ ಆರು. "ಹತ್ತು" ಬಂದಿದ್ದು ಎಲ್ಲಿಂದ ಅಂತ ಅಧ್ಯಕ್ಷರಿಗೂ ಗೊತ್ತಿರಲಿಲ್ಲ!

ಇನ್ನು ಸವಕಳಿ. ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರಿಗೆ 40%. 35,000ದ ಲ್ಯಾಪ್‌ಟಾಪ್ ಒಂದು ವರ್ಷಕ್ಕೆ 21,000, ಎರಡಕ್ಕೆ 12,600, ಮೂರಕ್ಕೆ 7,560. ಕಂಪನಿ ಕಾಯ್ದೆ ಅದರ ಆಯಸ್ಸು ಮೂರು ವರ್ಷ ಅಂತ ಹೇಳ್ತದೆ. ನಮ್ಮ ಶಾಲೆಯಲ್ಲಿ ಇನ್ನೂ ಜಾಸ್ತಿ ಬಾಳಬಹುದು, ಆದ್ರೆ ನಾಲ್ಕನೇ ವರ್ಷ ಬ್ಯಾಟರಿ ಹೋದಾಗ ಯಾರು ಕೊಡ್ತಾರೆ ಅನ್ನೋ ಸಾಲು ಯೋಜನೆಯಲ್ಲಿ ಇರಲೇಬೇಕು. ನಾವು ವರ್ಷಕ್ಕೆ ಇಷ್ಟು ಅಂತ ರಿಪೇರಿ ನಿಧಿ ಇಟ್ಟಿದ್ದೀವಿ.

ಭಾಗ 5/6

ಯೋಜನೆ ಅರ್ಧ ಆದಾಗ ಜಗಳ ಶುರುವಾಯ್ತು.

ಬೆಂಗಳೂರಲ್ಲಿರೋ ನಮ್ಮೂರ ಅಣ್ಣ ಒಬ್ಬರು ಫೋನ್ ಮಾಡಿ, ಆಫೀಸಿನ ಹಳೇ ಡೆಸ್ಕ್‌ಟಾಪ್ 12 ಇವೆ, ಲಾರಿಗೆ ಹಾಕಿ ಕಳಿಸ್ತೀನಿ ಅಂದ್ರು. ಎಲ್ಲರಿಗೂ ಖುಷಿ. ನಾನು ಎಷ್ಟು ವರ್ಷ ಹಳೇದು ಅಂತ ಕೇಳಿದೆ. ಎಂಟು. ಈ ವೈರಿಂಗಿಗೆ ಹನ್ನೆರಡು ಹಾಕಿದ್ರೆ ಮೊದಲ ಮಳೆಗಾಲ ದಾಟೋದಿಲ್ಲ, ಸದ್ಯಕ್ಕೆ ಬೇಡ ಅಂದೆ. ಅಧ್ಯಕ್ಷರಿಗೆ ಸಿಟ್ಟು ಬಂತು: "ಮನೆ ಬಾಗ್ಲಿಗೆ ಬಂದ ಲಕ್ಷ್ಮಿನ ಬೇಡ ಅಂತಾರಾ ತಂಗೀ? ನಾಳೆ ಇನ್ಯಾರೂ ಕೊಡೋದಿಲ್ಲ."

ಅವರು ಹೇಳಿದ್ದೂ ಸುಳ್ಳಲ್ಲ. ಜೂನ್ ಬಂದ್ರೆ ಮತ್ತೆರಡು ಮಕ್ಕಳು ವ್ಯಾನ್ ಹತ್ತಬಹುದು. ಮಕ್ಕಳು ಕಡಿಮೆ ಆದಷ್ಟೂ ಶಾಲೆ ಉಳಿಯೋದು ಕಷ್ಟ. ಒಂದು ಕೋಣೆ ತುಂಬ ಕಂಪ್ಯೂಟರ್ ಕಂಡ್ರೆ ಆ ಎರಡು ಮನೆಯವರು ನಿಲ್ತಿದ್ರೋ ಏನೋ.

ಆಗ ಅಡಿಕೆ ಸುಲಿಯೋಕೆ ಹೋಗೋ ಒಬ್ಬರು ಅಮ್ಮ ಮಾತಾಡಿದ್ರು. ಅವರು ಸಮಿತಿಯಲ್ಲಿ ಬಾಯಿ ಬಿಟ್ಟಿದ್ದು ನಾನು ನೋಡಿದ್ದು ಅದೇ ಮೊದಲು. "ನಮ್ಮನೆಗೆ ಹೊಲಿಗೆ ಮಷಿನ್ ಬಂದು ನಾಲ್ಕು ವರ್ಷ ಆತು. ಕಲಿಸೋರು ಬರ್ಲಿಲ್ಲ. ಈಗ ಅದರ ಮೇಲೆ ಬಟ್ಟೆ ಮಡಚಿ ಇಡ್ತೀನಿ. ಕಂಪ್ಯೂಟರ್ ಮೇಲೆ ಎಂತ ಇಡೋದು ಅಕ್ಕೋರೆ?"

ಎಲ್ಲರೂ ನಕ್ಕರು. ಅಧ್ಯಕ್ಷರೂ ನಕ್ಕರು. ಆಮೇಲೆ ತೀರ್ಮಾನ ಆಯ್ತು: ಅಲ್ಲೇ ಟೆಸ್ಟ್ ಮಾಡಿ ಚೆನ್ನಾಗಿರೋ ನಾಲ್ಕು ಕಳಿಸಿ, ಉಳಿದದ್ದರ ಲಾರಿ ಬಾಡಿಗೆಯನ್ನ ಅರ್ಥಿಂಗಿಗೆ ಕೊಡಿ ಅಂತ ಕೇಳೋದು. ಫೋನ್ ಮಾಡಿದ್ದು ಅಕ್ಕೋರು. ಎಂಟು ದಿನ ಅತ್ತ ಕಡೆಯಿಂದ ಸುದ್ದಿ ಇಲ್ಲ. ಆ ಎಂಟು ದಿನ ನಾನು ಅಧ್ಯಕ್ಷರ ಮನೆ ದಾರಿಯಲ್ಲಿ ಹೋಗ್ಲಿಲ್ಲ.

ಒಂಬತ್ತನೇ ದಿನ ಅವರೇ ಫೋನ್ ಮಾಡಿ ಒಪ್ಪಿದ್ರು. ದಸರಾ ರಜೆಯಲ್ಲಿ ವೈರಿಂಗ್ ಆಯ್ತು.

ಭಾಗ 6/6

ಒಂಬತ್ತು ಪುಟದಲ್ಲಿ ನನಗೆ ಇಷ್ಟ ಆದ ಪುಟ ಏಳನೇದು: "ಏಳನೇ ಕ್ಲಾಸ್ ಮುಗಿಸೋ ಮಗುವಿಗೆ ಎಂತ ಬರಬೇಕು." ಅಕ್ಕೋರು ಬರೆಸಿದ್ದು ನಾಲ್ಕೇ ಸಾಲು. ಕನ್ನಡದಲ್ಲಿ ಒಂದು ಪತ್ರ ಟೈಪ್ ಮಾಡಬೇಕು. ಶಾಲೆ ಅಂಗಳದಲ್ಲಿ ಅಳೆದ ಮಳೆಯನ್ನ ಸ್ಪ್ರೆಡ್‌ಶೀಟ್‌ಗೆ ಹಾಕಿ ಗ್ರಾಫ್ ಮಾಡಬೇಕು. ಶಿರಸಿ ಮಾರುಕಟ್ಟೆಯ ರಾಶಿ, ಚಾಲಿ ದರ ಬರೆದು ವಾರದ ಸರಾಸರಿ ತೆಗೀಬೇಕು. ನೆಟ್‌ನಲ್ಲಿ ಓದಿದ್ದು ನಿಜವಾ ಅಂತ ಇನ್ನೊಂದು ಕಡೆ ನೋಡಬೇಕು. ದುಡ್ಡು ಕೊಡೋರು ವರ್ಷದ ಕೊನೆಗೆ ಬಂದು ಈ ನಾಲ್ಕನ್ನ ಪರೀಕ್ಷೆ ಮಾಡಬಹುದು ಅಂತ ಕೆಳಗೆ ಬರೆದಿದ್ದೀವಿ.

ಕಲಿಸೋರಿಗೆ ಏನು ಮಾಡೋದು? ಹತ್ತಿರದ ಮೂರು ಶಾಲೆ ಸೇರಿ ಒಬ್ಬರನ್ನ ಇಟ್ಕೊಳ್ಳೋ ಪ್ರಸ್ತಾಪ ಇಟ್ಟಿದ್ದೀವಿ, ಪ್ರತಿ ಶಾಲೆಗೆ ವಾರಕ್ಕೆ ಎರಡು ದಿನ. ಒಬ್ಬೊಬ್ಬರಿಂದ ಆಗದ್ದನ್ನ ಸೇರಿ ಮಾಡೋದು ನಮ್ಮ ಕಡೆಗೆ ಹೊಸದಲ್ಲ. ಶಿರಸಿಯ ತೋಟಗಾರರು 1923ರಲ್ಲೇ ಟಿಎಸ್‌ಎಸ್ ಕಟ್ಟಿದ್ದು ಹಾಗೇ ಅಲ್ದಾ?

ಸದ್ಯದ ಸ್ಥಿತಿ: ಯೋಜನೆ ಬಿಇಒ ಆಫೀಸಿಗೆ ಹೋಗಿದೆ, ಇನ್ನೂ ಉತ್ತರ ಬಂದಿಲ್ಲ. ನಾಲ್ಕು ಹಳೇ ಕಂಪ್ಯೂಟರ್ ಬಂದಿವೆ. ಶನಿವಾರ ಕ್ಲಾಸ್ ಮುಗಿಸಿ ನಾನು, ನನ್ನ ಇಬ್ಬರು ಕ್ಲಾಸ್‌ಮೇಟ್ಸ್ ಹೋಗಿ ಕಲಿಸ್ತಿದ್ದೀವಿ. ಆ ಎರಡು ಮನೆಯವರು ಜೂನ್‌ನಲ್ಲಿ ನೋಡೋಣ ಅಂದಿದ್ದಾರೆ.

ಸಿದ್ದಾಪುರ, ಯಲ್ಲಾಪುರದ ಬಿಕಾಂ ಜನ, ನೀವು ಓದಿದ ಶಾಲೆಗೆ ಒಂದ್ಸಲ ಹೋಗಿ. ಮೂರು ಕೇಳಿ: ಅರ್ಥಿಂಗ್ ಇದೆಯಾ? ವಾರಕ್ಕೆ ಎಷ್ಟು ಪಿರಿಯಡ್, ಯಾರು ಕಲಿಸ್ತಾರೆ? ನಾಲ್ಕನೇ ವರ್ಷದ ದುಡ್ಡು ಎಲ್ಲಿದೆ? ಉತ್ತರ ಬರೆದುಕೊಂಡು ಮೆಸೇಜ್ ಮಾಡಿ. ಬಜೆಟ್ ಶೀಟ್ ಕಳಿಸ್ತೀನಿ, ನಿಮ್ಮೂರ ಅಂಕಿ ನೀವೇ ತುಂಬಿ.

#ನಮ್ಮಶಾಲೆ #ಶಿರಸಿ #ಸಿದ್ದಾಪುರ #ಯಲ್ಲಾಪುರ #ಬಿಕಾಂಲೈಫ್ #ಎಸ್‌ಡಿಎಂಸಿ