ಕಡ ತಂದ ಅಚ್ಚು

ಹೈದರಾಬಾದಿಗೆ ಊರಿನಿಂದ ಬರುವ ಬಂಧುಗಳನ್ನು ನಾವು ಎಲ್ಲೆಲ್ಲಿಗೆ ಕರೆದೊಯ್ಯುತ್ತೇವೆಂಬುದು ಈ ಪತ್ರಿಕೆಯ ಓದುಗರಿಗೆ ತಿಳಿಯದ ಸಂಗತಿಯಲ್ಲ. ಚಾರ್‌ಮಿನಾರು, ಗೋಲ್ಕೊಂಡ, ಸಾಲಾರ್ ಜಂಗ್ ಸಂಗ್ರಹಾಲಯದ ಗಡಿಯಾರ, ಮಕ್ಕಳಿದ್ದರೆ ಮೃಗಾಲಯ. ಸಂಜೆಗೆ ಹುಸೇನ್ ಸಾಗರದ ದಂಡೆ, ಅಲ್ಲಿಂದ ದೋಣಿಯಲ್ಲಿ ಬುದ್ಧನ ಪಾದದವರೆಗೆ. ಎರಡು ದಿನ ಹೀಗೆ ತಿರುಗಿಸಿ ಮೂರನೆಯ ದಿನ ಬಸ್ಸು ಹತ್ತಿಸಿದರೆ ನಮ್ಮ ಕರ್ತವ್ಯ ಮುಗಿಯಿತು. ಈ ಸಲ ಬಂದ ನೆಂಟನೊಬ್ಬನು ಮಾತ್ರ ಇದಾವುದೂ ಬೇಡವೆಂದು, ನಮ್ಮನ್ನೇ ನಾವು ಕಾಣದ ಕಡೆಗೆ ಕರೆದುಕೊಂಡು ಹೋದನು.

ಇವನು ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಸೋದರಳಿಯ. ಕಲಬುರಗಿಯಲ್ಲಿ ಟ್ರ್ಯಾಕ್ಟರ್ ರಿಪೇರಿಯ ಅಂಗಡಿಯಲ್ಲಿ ಕೆಲಸ. ವಯಸ್ಸು ಇಪ್ಪತ್ತನಾಲ್ಕು. ಹುಮನಾಬಾದು, ಜಹೀರಾಬಾದಿನ ದಾರಿಯಲ್ಲಿ 200ಕ್ಕೂ ಹೆಚ್ಚು ಕಿಲೋಮೀಟರು ತನ್ನ ಹಳೆಯ ಮಾರುತಿ ಎಸ್ಟೀಮ್ ಕಾರನ್ನು ತಾನೇ ನಡೆಸಿಕೊಂಡು ಬಂದಿದ್ದನು. ಮರುದಿನ ಆದಿತ್ಯವಾರ ನಗರದ ಹೊರಗೆ ಶಂಷಾಬಾದಿನ ಕಡೆ ಹವ್ಯಾಸಿಗಳ ಮೋಟಾರು ಪಂದ್ಯವಿದೆ, ತಾನೂ ಹೆಸರು ಕೊಟ್ಟಿದ್ದೇನೆ ಎಂದನು. ಸೋದರಮಾವನ ಮುಖ ಸ್ವಲ್ಪ ಸಣ್ಣದಾಯಿತು. ಊರಿನಿಂದ ತಂಗಿ ಮೊದಲೇ ದೂರವಾಣಿಯಲ್ಲಿ ಹೇಳಿದ್ದಳಂತೆ: ಗಳಿಸಿದ್ದೆಲ್ಲ ಟಯರಿಗೆ ಸುರಿಯುತ್ತಿದ್ದಾನೆ, ಈ ಸಲ ಮೊದಲ ಮೂವರಲ್ಲಿ ಬರದಿದ್ದರೆ ಕಾರು ಮಾರಿಬಿಡಲಿ, ಅಣ್ಣ ಅಲ್ಲೇ ನಿಂತು ಮಾರಿಸಬೇಕು, ಎಂದು. ಹುಡುಗನೂ ಒಪ್ಪಿಕೊಂಡಿದ್ದನು.

ಶನಿವಾರ ಸಂಜೆ ಅವನು ನೋಡಬೇಕೆಂದದ್ದು ಒಂದೇ ಸ್ಥಳ: ಎನ್‌ಟಿಆರ್ ಮಾರ್ಗ. ಹುಸೇನ್ ಸಾಗರದ ಅಂಚಿನಲ್ಲಿ, ಲುಂಬಿನಿ ಉದ್ಯಾನ, ಎನ್‌ಟಿಆರ್ ಉದ್ಯಾನ, ಸಚಿವಾಲಯ ಇವುಗಳ ಮಗ್ಗುಲಲ್ಲಿ ಸಾಗುವ ಈ ರಸ್ತೆಯಲ್ಲಿ ನಾವು ಎಷ್ಟೋ ಸಲ ಬಸ್ಸಿನಲ್ಲಿ ತೂಕಡಿಸಿದ್ದೇವೆ. ಇದೇ ರಸ್ತೆಯಲ್ಲಿ 2023ರ ಫೆಬ್ರವರಿ 11ರಂದು ಫಾರ್ಮುಲಾ ಇ ಎಂಬ ವಿದ್ಯುತ್ ಕಾರುಗಳ ವಿಶ್ವ ಪಂದ್ಯ ನಡೆಯಿತು. ಊರಿನ ರಸ್ತೆಯನ್ನೇ ಗೋಡೆಕಟ್ಟಿ ಪಥ ಮಾಡಿದ್ದರು: ಸುತ್ತಳತೆ 2.83 ಕಿಲೋಮೀಟರು, ತಿರುವು ಹದಿನೆಂಟು. ಫ್ರಾನ್ಸಿನ ಜಾನ್ ಎರಿಕ್ ವೆರ್ನ್ ಗೆದ್ದನು. ದೆಹಲಿಯ ಬಳಿ 2013ರಲ್ಲಿ ಫಾರ್ಮುಲಾ ಒನ್ ನಿಂತುಹೋದ ಮೇಲೆ ವಿಶ್ವ ಮಟ್ಟದ ಕಾರು ಪಂದ್ಯ ನಮ್ಮ ದೇಶಕ್ಕೆ ಬಂದದ್ದು ಅಂದೇ. ಮರುವರ್ಷವೂ ನಡೆಯಬೇಕಾಗಿತ್ತು, 2024ರ ಜನವರಿಯಲ್ಲಿ ರದ್ದಾಯಿತು. ಅದರ ವಾದವಿವಾದಗಳನ್ನು ದಿನಪತ್ರಿಕೆಗಳಿಗೆ ಬಿಡೋಣ.

ಹುಡುಗನು ಒಂದು ತಿರುವಿನಲ್ಲಿ ನಿಂತು, ಆ ಪಂದ್ಯದ ಹಿಂದಿನ ದಿನದ ಒಂದು ಸಂಗತಿಯನ್ನು ಹೇಳಿದನು. ಪೋರ್ಷೆ ತಂಡದ ಜರ್ಮನ್ ಚಾಲಕ ಪಾಸ್ಕಲ್ ವೆರ್ಲೈನ್ ಅಭ್ಯಾಸದ ಓಟದಲ್ಲಿ ಗೋಡೆಗೆ ಅಪ್ಪಳಿಸಿದನು. ಅದೇ ಯಂತ್ರವುಳ್ಳ ಉಳಿದ ಕಾರುಗಳನ್ನೂ ಮುನ್ನೆಚ್ಚರಿಕೆಗಾಗಿ ನಿಲ್ಲಿಸಿದರು. ಆದರೆ ಮರುದಿನ ಅವನು ಪಂದ್ಯಕ್ಕಿಳಿದು ನಾಲ್ಕನೆಯವನಾಗಿ ಮುಗಿಸಿದನು. ರಾತ್ರಿಯೆಲ್ಲ ದುಡಿದ ಕೈಗಳು ಎಷ್ಟೋ! ಆದರೆ ಅವೆಲ್ಲ ಸಂಬಳದ ಕೈಗಳು. ಮಗ್ಗುಲಿನ ತಂಡದವನು ಬಂದು ಪಾನೆ ಹಿಡಿಯುವ ಮಾತೇ ಇಲ್ಲ, ಇಣುಕಿ ನೋಡದಂತೆ ಪರದೆ ಎಳೆದಿರುತ್ತಾರೆ. "ನಮ್ಮಲ್ಲಿ ಹಂಗಿಲ್ಲ ಕಾಕಾ, ನಾಳೆ ನೋಡ್ರಿ" ಎಂದು ಹುಡುಗನು ನಕ್ಕನು.

ಮರುದಿನ ನಾವು ಮೂವರು ಬುತ್ತಿ ಕಟ್ಟಿಸಿಕೊಂಡು ಹೊರಟೆವು. ಖಾಸಗಿಯವರ ಚಿಕ್ಕ ಪಥ. ಒಂದು ತಗಡಿನ ಚಪ್ಪರ, ಚಹದ ಗಾಡಿ, ಬೇವಿನ ಮರದಡಿ ಸಾಲಾಗಿ ನಿಂತ ಇಪ್ಪತ್ತು ಮೂವತ್ತು ಕಾರುಗಳು. ಅವುಗಳಲ್ಲಿ ಮದುವೆ ಮನೆಯ ಮುಂದೆ ನಿಲ್ಲಿಸಲು ಯೋಗ್ಯವಾದದ್ದು ಒಂದೂ ಇರಲಿಲ್ಲ. ಒಳಗಿನ ಮೆತ್ತೆ, ಹಾಸು, ಹಿಂದಿನ ಆಸನ ಎಲ್ಲವನ್ನೂ ಕಿತ್ತು ಭಾರ ಇಳಿಸಿದ್ದರು. ಚೌಮಹಲ್ಲಾ ಅರಮನೆಯಲ್ಲಿ ನಿಜಾಮರ ಹಳದಿ ರೋಲ್ಸ್ ರಾಯ್ಸನ್ನು ನೋಡಿ ಮೋಟಾರೆಂದರೆ ಹೀಗಿರಬೇಕು ಎಂದುಕೊಂಡಿದ್ದ ನಮಗೆ ಇವು ಗುಜರಿಯಿಂದ ಎದ್ದು ಬಂದಂತೆ ತೋರಿದವು.

ಇಲ್ಲಿ ಕಾರುಗಳು ಒಂದರ ಪಕ್ಕ ಒಂದು ಓಡುವುದಿಲ್ಲ. ಒಬ್ಬೊಬ್ಬರಾಗಿ ಗಡಿಯಾರದೊಡನೆ ಓಡಬೇಕು, ಮೂರು ಅವಕಾಶ, ಅತ್ಯುತ್ತಮವಾದ ಕಾಲವೇ ಲೆಕ್ಕಕ್ಕೆ. ಮೊದಲು ತಪಾಸಣೆ. ಶಿರಸ್ತ್ರಾಣ, ನಡುಪಟ್ಟಿ, ಬ್ಯಾಟರಿ ಅಲುಗಾಡದಂತೆ ಬಿಗಿದಿದೆಯೇ, ಬೆಂಕಿ ಆರಿಸುವ ಸಿಲಿಂಡರು ಇದೆಯೇ, ಗಾಲಿಯ ನಟ್ಟುಗಳು ಭದ್ರವೇ ಎಂದು ಒಬ್ಬ ಕಟ್ಟುನಿಟ್ಟಿನ ಮಹಾಶಯರು ನೋಡುತ್ತಿದ್ದರು. ನಮ್ಮ ಕಛೇರಿಯ ಲೆಕ್ಕಪರಿಶೋಧಕರಿಗೂ ಇವರಿಗೂ ದೂರದ ಬಂಧುತ್ವವಿರಬೇಕು. ಒಬ್ಬನ ಬಳಿ ಸಿಲಿಂಡರು ಇರಲಿಲ್ಲ. ಪಕ್ಕದವನು ತನ್ನದನ್ನು ಕೊಟ್ಟನು. ಇಬ್ಬರೂ ಒಂದೇ ಸಲ ಓಡುವುದಿಲ್ಲವಲ್ಲ, ಆಚೀಚೆ ಮಾಡಿಕೊಳ್ಳಿರೆಂದು ಪರಿಶೋಧಕರೂ ಒಪ್ಪಿದರು.

ಮೊದಲ ಸುತ್ತಿನಲ್ಲಿ ನಮ್ಮ ಹುಡುಗನ ಕಾಲ 1 ನಿಮಿಷ 13.1 ಸೆಕೆಂಡು. ಐದನೆಯ ಸ್ಥಾನ. ಮೂರನೆಯ ಸ್ಥಾನದಲ್ಲಿ 12.4ರೊಡನೆ ಇದ್ದವರು ಮೆಹದಿಪಟ್ಟಣದ ಒಬ್ಬ ಸಾಹೇಬರು. ನಲವತ್ತು ದಾಟಿದ ವಯಸ್ಸು, ನರೆತ ಗಡ್ಡ, ಇವರದೂ ಎಸ್ಟೀಮೇ. ಜೊತೆಗೆ ಹತ್ತು ವರ್ಷದ ಮಗ, ಕೈಯಲ್ಲೊಂದು ನೋಟುಪುಸ್ತಕ ಹಿಡಿದು ಪ್ರತಿಯೊಬ್ಬರ ಕಾಲವನ್ನೂ ಬರೆದುಕೊಳ್ಳುತ್ತಿದ್ದನು.

ಎರಡನೆಯ ಸುತ್ತಿಗೆ ಹೊರಟ ಹುಡುಗನ ಕಾರು ಮೂರನೆಯ ತಿರುವಿನಲ್ಲಿ ಟಕಟಕನೆ ಸದ್ದು ಮಾಡಿ, ದೊಡ್ಡದಾಗಿ ಒಮ್ಮೆ ಕಟಾರೆಂದು ನಿಂತುಬಿಟ್ಟಿತು. ಯಂತ್ರ ತಿರುಗುತ್ತಿದೆ, ಗಾಲಿ ತಿರುಗುತ್ತಿಲ್ಲ. ಈ ಕಾರುಗಳಲ್ಲಿ ಎಳೆಯುವುದು ಮುಂದಿನ ಗಾಲಿಗಳು. ಗೇರು ಪೆಟ್ಟಿಗೆಯಿಂದ ಆ ಗಾಲಿಗಳಿಗೆ ಎಡಕ್ಕೊಂದು ಬಲಕ್ಕೊಂದು ಕಬ್ಬಿಣದ ದಂಡವಿರುತ್ತದೆ. ಗಾಲಿ ಹೊರಳಿದರೂ ಶಕ್ತಿ ಸಾಗಬೇಕಾದ್ದರಿಂದ ತುದಿಯಲ್ಲಿ ಗುಂಡುಗಳುಳ್ಳ ಕೀಲು. ಕೀಲಿಗೆ ರಬ್ಬರಿನ ಚೀಲ ಹೊದಿಸಿ ಒಳಗೆ ಗ್ರೀಸು ತುಂಬಿರುತ್ತಾರೆ. ಚೀಲ ಹರಿದರೆ ಗ್ರೀಸು ಹೊರಗೆ, ಮಣ್ಣು ಒಳಗೆ. ಆಮೇಲೆ ಕೀಲು ಎಷ್ಟು ದಿನ ಬಾಳೀತು? ಬಲಗಡೆಯದು ಮುರಿದಿತ್ತು. ಎಸ್ಟೀಮ್ ಕಾರಿನ ತಯಾರಿಕೆ 2007ರಲ್ಲೇ ನಿಂತಿದೆ. ಬಿಡಿಭಾಗ ಸಿಕ್ಕರೆ ರಾಣಿಗಂಜಿನಲ್ಲಿ ಸಿಗಬೇಕು. ಆದಿತ್ಯವಾರ ಅಲ್ಲಿ ಬಹುಪಾಲು ಅಂಗಡಿಗಳಿಗೆ ಬೀಗ.

ಕಾರನ್ನು ನೂಕಿ ತಂದು ನೆರಳಿಗೆ ನಿಲ್ಲಿಸಿದರು. ಹುಡುಗನು ಮಾತಾಡಲಿಲ್ಲ. ಸೋದರಮಾವನು ಮಾತ್ರ ಹಳೆಯ ಎಸ್ಟೀಮಿಗೆ ಎಷ್ಟು ಬೆಲೆ ಬರುತ್ತದೆಂದು ನಮ್ಮನ್ನು ಮೆಲ್ಲಗೆ ಕೇಳಿದನು. ಅಷ್ಟರಲ್ಲಿ ಮೆಹದಿಪಟ್ಟಣದ ಸಾಹೇಬರು ಬಂದು, ಬಗ್ಗಿ ನೋಡಿ, ತಮ್ಮ ಗಾಡಿಯ ಹಿಂಬದಿಯಿಂದ ಗೋಣಿಚೀಲದಲ್ಲಿ ಸುತ್ತಿದ್ದ ಒಂದು ದಂಡವನ್ನು ತಂದು ಮುಂದಿಟ್ಟರು. "ಫಿಕರ್ ನಕ್ಕೋ ಕರೋ" ಎಂದರು. ಅವರ ಬಳಿ ಇದ್ದದ್ದು ಅದೊಂದೇ. ಅವರಿಗೂ ಇನ್ನೊಂದು ಓಟವಿತ್ತು. ಅವರದು ಮುರಿದರೆ ಅಲ್ಲಿಗೆ ಮುಗಿಯಿತು.

ನೋಟುಪುಸ್ತಕದ ಮಗನಿಗೆ ಈ ಲೆಕ್ಕ ತಂದೆಗಿಂತ ಮೊದಲು ಹೊಳೆಯಿತು. "ಅಬ್ಬಾ, ನಮ್ಮದು!" ಎಂದನು. ತಂದೆ ಕೇಳದವರಂತೆ ಕೆಲಸಕ್ಕೆ ಕುಳಿತರು. ಹುಡುಗನು ಪುಸ್ತಕ ಮುಚ್ಚಿ, ಚಹದ ಗಾಡಿಯ ಹಿಂದೆ ಹೋಗಿ ನಿಂತುಕೊಂಡನು. ಅವನ ಕಣ್ಣು ತುಂಬಿದ್ದನ್ನು ನಾವು ಕಂಡೆವು. ಒಂದು ಬಿಸ್ಕತ್ತು ಕೊಟ್ಟರೆ ಮುಖ ತಿರುಗಿಸಿದನು. ನ್ಯಾಯವಾಗಿ ನೋಡಿದರೆ ಅವನ ಕಡೆಯೂ ಮಾತಿದೆ.

ಕೆಲಸ ನಡೆದ ರೀತಿ ಮಾತ್ರ ನೋಡತಕ್ಕದ್ದಾಗಿತ್ತು. ಗಾಲಿಯ ನಡುವಿನ ದೊಡ್ಡ ನಟ್ಟನ್ನು ಗಾಲಿ ನೆಲದಲ್ಲಿರುವಾಗಲೇ ಸಡಿಲಿಸಬೇಕು. ಒಬ್ಬನು ಒಳಗೆ ಕೂತು ಬ್ರೇಕು ತುಳಿದನು. ಪಾನೆಯ ಹಿಡಿಗೆ ಉದ್ದನೆಯ ಕೊಳವೆ ತೊಡಿಸಿ ಇಬ್ಬರು ಜೋತುಬಿದ್ದರು. ವರಂಗಲ್ಲಿನ ಕಾಲೇಜು ಹುಡುಗರು ಜಾಕು ತಂದರು. ಬಸಿಯುವ ಗೇರು ಎಣ್ಣೆಗೆ ಯಾರದೋ ಮನೆಯ ಡಾಲ್ಡಾ ಡಬ್ಬಿ. ಕೆಳಗಿನ ಕೀಲು ಕಳಚಿ, ಮುರಿದ ದಂಡವನ್ನು ಸೆಳೆದು, ಹೊಸದನ್ನು ಒಳಗೆ ತಳ್ಳಿದಾಗ ಕ್ಲಿಕ್ಕೆಂದಿತು. "ಕೂತ್ಕೊಂತು" ಎಂದು ಹುಡುಗನು ಮೊದಲ ಸಲ ಬಾಯಿ ಬಿಟ್ಟನು. ಹೊಸ ಗೇರು ಎಣ್ಣೆ ಕೊಟ್ಟವನು ಯಾರೆಂದು ನಮಗೆ ಕೊನೆಯವರೆಗೂ ತಿಳಿಯಲಿಲ್ಲ. ತೆಲುಗು, ದಖನಿ, ಕನ್ನಡ ಮೂರೂ ಕಾರಿನ ಕೆಳಗೆ ಬೆರೆತುಹೋಗಿದ್ದವು. ಇಂಡೆಂಟು ಇಲ್ಲ, ಮಂಜೂರಾತಿ ಇಲ್ಲ, ಸ್ವೀಕೃತಿಯ ಸಹಿ ಇಲ್ಲ. ಮುಕ್ಕಾಲು ಗಂಟೆಯಲ್ಲಿ ಗಾಲಿ ನೆಲಕ್ಕಿಳಿಯಿತು.

ನಾವು ಬೀದರ ಜಿಲ್ಲೆಯವರು. ಬಂಡಿ ಕಟ್ಟಿಕೊಂಡು ಜಾತ್ರೆಗೆ ಹೋಗುತ್ತಿದ್ದವರ ಮಾತನ್ನು ಹಿರಿಯರ ಬಾಯಿಂದ ಕೇಳಿ ಬೆಳೆದವರು. ದಾರಿಯಲ್ಲಿ ಒಬ್ಬನ ಬಂಡಿಯ ಅಚ್ಚು ಮುರಿದರೆ ಸಾಲಿನಲ್ಲಿದ್ದ ಬಂಡಿಗಳೆಲ್ಲ ನಿಲ್ಲುತ್ತಿದ್ದವಂತೆ. ಕೀಲೆಣ್ಣೆ ಒಬ್ಬನದು, ಕಡಾಣಿ ಇನ್ನೊಬ್ಬನದು. ಆದರೆ ಜಾತ್ರೆಗೆ ಹೋಗುವವರಲ್ಲಿ ಯಾರು ಮೊದಲು ಮುಟ್ಟಿದರೂ ದೇವರು ಒಬ್ಬನೇ. ಇಲ್ಲಿ ಮೊದಲು ಮುಟ್ಟುವುದೇ ದೇವರು. ಸೋದರಮಾವನು ಎತ್ತಿದ ಆಕ್ಷೇಪವೂ ಇದೇ. "ಎದುರಾಳಿಗೆ ಬಾಣ ಕೊಟ್ಟು ಯುದ್ಧ ಮಾಡೋದು ಶಾಣ್ಯಾತನ ಏನ್ರೀ?" ಎಂದನು.

ಮದರಾಸಿನ ಶೋಲಾವರಂ ಪಂದ್ಯಗಳ ಕಥೆಯನ್ನು ಬಲ್ಲವರು ಇದಕ್ಕೆ ಬೇರೆ ಉತ್ತರ ಹೇಳುತ್ತಾರೆ. ಎರಡನೆಯ ಮಹಾಯುದ್ಧದ ಕಾಲದ ವಿಮಾನ ಪಥದ ಮೇಲೆ ಮದರಾಸು ಮೋಟಾರು ಕ್ರೀಡಾ ಸಂಘದವರು 1950ರ ದಶಕದಿಂದ ಓಟ ನಡೆಸಿದರು. ಬೆಂಗಳೂರಿನವರೂ ಅಲ್ಲಿಗೆ ಹೋಗುತ್ತಿದ್ದರು. ಆಮದಿಗೆ ಬಿಗಿ ಕಟ್ಟಳೆಯಿದ್ದ ಕಾಲ; ಫಿಯಟ್, ಹೆರಾಲ್ಡ್, ಅಂಬಾಸಡರ್ ಬಿಟ್ಟರೆ ಗತಿಯಿಲ್ಲ, ಬಿಡಿಭಾಗವೆಂದರೆ ಚಿನ್ನ. ಒಬ್ಬನ ಪೆಟ್ಟಿಗೆಯಲ್ಲಿದ್ದದ್ದು ಎಲ್ಲರದೂ ಆಗದಿದ್ದರೆ ಓಡಲು ಕಾರುಗಳೇ ಉಳಿಯುತ್ತಿರಲಿಲ್ಲ. 1990ರಲ್ಲಿ ಇರುಂಗಾಟ್ಟುಕೋಟೆಯಲ್ಲಿ ಸುಮಾರು 3.7 ಕಿಲೋಮೀಟರಿನ ಖಾಯಂ ಪಥವಾಯಿತು. ಕೊಯಮತ್ತೂರಿನ ಕರಿವರ್ಧನರು ಮಾರುತಿ 800ರ ಯಂತ್ರವನ್ನೇ ಇಟ್ಟು ಅಗ್ಗದ ಓಟದ ಕಾರುಗಳನ್ನು ಕಟ್ಟಿದರು. ಎಲ್ಲರದೂ ಒಂದೇ ಬಗೆಯ ಕಾರಾದರೆ ಒಬ್ಬನದು ಇನ್ನೊಬ್ಬನದಕ್ಕೆ ಹೊಂದುತ್ತದೆ ಎಂಬುದೂ ಸಣ್ಣ ಅನುಕೂಲವಲ್ಲ. ದಕಾರ್ ಎಂಬ ಮರುಭೂಮಿಯ ಓಟದಲ್ಲಂತೂ ಸ್ಪರ್ಧಿಯು ಸ್ಪರ್ಧಿಗೆ ನೆರವಾಗಲು ನಿಯಮವೇ ಎಡೆ ಕೊಡುತ್ತದೆ, ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಅದನ್ನು ಮುಗಿಸಿದ ಮೊದಲ ಭಾರತೀಯ.

ಅಚ್ಚಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. 1964ರ ಇನ್ಸ್‌ಬ್ರುಕ್ ಚಳಿಗಾಲದ ಒಲಿಂಪಿಕ್ಸಿನಲ್ಲಿ ಹಿಮದ ಮೇಲೆ ಜಾರುಬಂಡಿಯ ಸ್ಪರ್ಧೆ. ಬ್ರಿಟನ್ನಿನ ನ್ಯಾಶ್ ಮತ್ತು ಡಿಕ್ಸನ್ ಇವರ ಬಂಡಿಯ ಅಚ್ಚಿನ ಬೋಲ್ಟು ಮುರಿಯಿತು. ಇಟಲಿಯ ಯೂಜೆನಿಯೊ ಮೊಂಟಿ ಎಂಬ ಎದುರಾಳಿಯು ತನ್ನ ಬಂಡಿಯ ಬೋಲ್ಟನ್ನು ಕೊಟ್ಟನು. ಬ್ರಿಟನ್ನಿನವರಿಗೆ ಚಿನ್ನ ಬಂತು, ಮೊಂಟಿಗೆ ಕಂಚು. ಅವನಿಗೆ ಪಿಯರ್ ದ ಕೂಬರ್ತಾಂ ಹೆಸರಿನ ಪದಕ ದೊರೆಯಿತು. ಚಿನ್ನಕ್ಕೆ ಅವನು 1968ರವರೆಗೆ ಕಾಯಬೇಕಾಯಿತು. ಆಗ ಎರಡು ಬಂದವು. ಇದನ್ನು ಸೋದರಮಾವನಿಗೆ ಹೇಳಿದೆವು. "ನಾಲ್ಕು ವರ್ಷ ಕಾದ ನೋಡ್ರಿ" ಎಂದನು, ಸಮಾಧಾನವಾದಂತೆ ಕಾಣಲಿಲ್ಲ.

ಕೊನೆಯ ಸುತ್ತಿನಲ್ಲಿ ಸಾಹೇಬರು ಮೊದಲು ಓಡಿದರು: 12.6. ಹಿಂದಿನದಕ್ಕಿಂತ ಉತ್ತಮವಾಗಲಿಲ್ಲ. ನಮ್ಮ ಹುಡುಗನ ಸರದಿ ಬಂದಾಗ, ಶಿರಸ್ತ್ರಾಣವನ್ನು ಕಂಕುಳಲ್ಲಿಟ್ಟುಕೊಂಡೇ ಅವರು ಓಡಿ ಬಂದು, ಗಾಲಿಯ ನಡುವಿನ ನಟ್ಟನ್ನು ಮತ್ತೊಮ್ಮೆ ಬಿಗಿದು, ಅದರ ಪಿನ್ನನ್ನು ಬೆರಳಿನಿಂದ ಮುಟ್ಟಿ ನೋಡಿ, ಬೆನ್ನ ಮೇಲೆ ತಟ್ಟಿದಂತೆ ಬಾನೆಟ್ಟನ್ನು ತಟ್ಟಿದರು. ಕಾರು ಹೊರಟಿತು. ನಾವು ಮೂವರೂ ಎದ್ದು ನಿಂತಿದ್ದೆವು. ಸೋದರಮಾವನ ಕೈಯಲ್ಲಿದ್ದ ರೊಟ್ಟಿ ಹಾಗೆಯೇ ಇತ್ತು. 1 ನಿಮಿಷ 12 ಸೆಕೆಂಡು.

ಹುಡುಗನು ಮೂರನೆಯವನಾದನು, ಸಾಹೇಬರು ನಾಲ್ಕನೆಯವರಾದರು. ಲೋಟ ಮೂವರಿಗೆ ಮಾತ್ರ. ಸಾಹೇಬರು ಸಂತೋಷಪಟ್ಟರೆಂದು ಬರೆದರೆ ಸುಳ್ಳಾದೀತು. ಹಲಗೆಯ ಮೇಲಿನ ಅಂಕಿಯನ್ನು ಎರಡು ಸಲ ಓದಿದರು, ಗಡ್ಡ ನೀವಿಕೊಂಡರು, ಆಮೇಲೆ ಬಂದು ಕೈಕುಲುಕಿದರು. ದಂಡವನ್ನು ಈಗಲೇ ಬಿಚ್ಚಿ ಕೊಡುತ್ತೇನೆಂದು ಹುಡುಗನು ಹೇಳಿದಾಗ, "ಕಲಬುರಗಿಗೆ ನಡೆದು ಹೋಗುವಿಯಾ?" ಎಂದು ತಮ್ಮ ಭಾಷೆಯಲ್ಲಿ ಕೇಳಿದರು. ಹಾಗಾದರೆ ಯಾಕೆ ಕೊಟ್ಟಿರಿ ಎಂದು ನಮ್ಮಲ್ಲೊಬ್ಬರು ತಡೆಯಲಾರದೆ ಕೇಳಿಯೇಬಿಟ್ಟರು. ಇವನು ನಿಂತುಹೋದ ಮೇಲೆ ತಾವು ಮೂರನೆಯವರಾಗಿದ್ದರೆ, ಯಾರನ್ನು ಹಿಂದೆ ಹಾಕಿದಿರಿ ಎಂದು ಮಗ ಕೇಳುತ್ತಿದ್ದ, ಎಂದರು. ಮಗನಾದರೋ ಅಂಥದೇನನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಪುಸ್ತಕದಲ್ಲಿ ನಮ್ಮ ಹುಡುಗನ ಕಾಲವನ್ನು ಬರೆಯದೆ ಆ ಜಾಗವನ್ನು ಖಾಲಿ ಬಿಟ್ಟಿದ್ದನು.

ಸೋಮವಾರ ಸಂಜೆ ಕಛೇರಿ ಬಿಟ್ಟ ಮೇಲೆ ಹುಡುಗನೊಡನೆ ರಾಣಿಗಂಜಿಗೆ ಹೋದೆವು. ಮೋಟಾರಿನ ಬಿಡಿಭಾಗಗಳು ನೆಲದಿಂದ ಮಾಡಿನವರೆಗೆ ತುಂಬಿದ ಅಂಗಡಿಗಳು, ಎಣ್ಣೆಯ ವಾಸನೆ, ಕೈಗಾಡಿಗಳ ನೂಕುನುಗ್ಗಲು. ಏಳು ಅಂಗಡಿಗಳಲ್ಲಿ ಇಲ್ಲವೆಂದರು. ಎಂಟನೆಯದರ ಮುದುಕನು ಅಟ್ಟ ಹತ್ತಿ, ಹಳೆಯ ಉರ್ದು ಪತ್ರಿಕೆಯಲ್ಲಿ ಸುತ್ತಿದ್ದ ಎಸ್ಟೀಮಿನ ದಂಡವೊಂದನ್ನು ಇಳಿಸಿ ತಂದನು. ಆದರೆ ಎಡಗಡೆಯದು. ಎಡ ಬಲಗಳ ಉದ್ದ ಬೇರೆ. ಒಂದರ ಬದಲು ಇನ್ನೊಂದು ಕೂರುವುದಿಲ್ಲ. ಹುಡುಗನು ಬಹಳ ಹೊತ್ತು ಯೋಚಿಸಿ ಅದನ್ನೇ ಕೊಂಡನು, ಜೊತೆಗೆ ಒಂದು ಡಬ್ಬಿ ಗ್ರೀಸು.

ಮೆಹದಿಪಟ್ಟಣದಲ್ಲಿ ಸಾಹೇಬರು ದಂಡವನ್ನು ಕೈಯಲ್ಲಿ ತೂಗಿ ನೋಡಿ, ಎಡಗಡೆಯದೆಂದು ಕೂಡಲೇ ಗುರುತಿಸಿದರು. ಬಲಗಡೆಯದು ಸಿಕ್ಕ ದಿನ ತಂದುಕೊಡುತ್ತೇನೆ, ಅಲ್ಲಿಯವರೆಗೆ ಇದು ಒತ್ತೆ ಇರಲಿ ಎಂದು ಹುಡುಗನು ಹೇಳಿದನು. ಇರಲಿ, ಮುಂದಿನ ತಿಂಗಳು ಯಾರಾದರೊಬ್ಬರ ಎಡಗಡೆಯದು ಮುರಿದೇ ಮುರಿಯುತ್ತದೆ, ಎಂದು ಅವರು ಅದೇ ಗೋಣಿಚೀಲವನ್ನು ತರಲು ಮಗನನ್ನು ಒಳಗೆ ಕಳುಹಿಸಿದರು. ಹುಡುಗನು ಚೀಲ ತಂದನು, ನೋಟುಪುಸ್ತಕವನ್ನೂ ತಂದಿದ್ದನು. ಮೂರನೆಯ ಓಟದ ಕಾಲ ಎಷ್ಟೆಂದು ನಮ್ಮ ಹುಡುಗನನ್ನೇ ಕೇಳಿ ಬರೆದುಕೊಂಡನು.